‘ಇದ್ದೀತು’ ಎಂಬ ರೂಪ: ಭಾಷಾಶೋಧದಲ್ಲಿ ಅರಿವಿನ ಎಲ್ಲೆಯನ್ನು ಗುರುತಿಸುವ ಬಗೆ

1. ವಿನಯದ ಎರಡು ಬಗೆಗಳು

ಕನ್ನಡದ ಸಂಶೋಧನಗ್ರಂಥಗಳ ‘ಅರಿಕೆ’ ಅಥವಾ ‘ಮೊದಲ ಮಾತು’ಗಳಲ್ಲಿ ಒಂದು ನಿವೇದನೆ ಬಹುಮಟ್ಟಿಗೆ ಇದ್ದೇ ಇರುತ್ತದೆ: ವಿಷಯ ಅಪಾರವಾದುದು, ಲೇಖಕರ ತಿಳಿವಳಿಕೆ ಅಲ್ಪ, ದೋಷಗಳು ಕಂಡರೆ ವಿದ್ವಾಂಸರು ತಿದ್ದಬೇಕು. ಕಾವ್ಯಾರಂಭದಲ್ಲಿ ಕವಿಗಳು ನಡೆಸಿಕೊಂಡು ಬಂದ ವಿನಯೋಕ್ತಿಯ ಮುಂದುವರಿಕೆ ಇದು. ಇದರಲ್ಲಿ ಕಪಟವಿದೆ ಎಂದು ನಾವು ಹೇಳುವುದಿಲ್ಲ. ಆದರೆ ಇದರ ಸ್ವರೂಪವನ್ನು ಗಮನಿಸಬೇಕು. ಈ ವಿನಯ ಇಡೀ ಗ್ರಂಥಕ್ಕೆ ಒಟ್ಟಾಗಿ ಅನ್ವಯಿಸುತ್ತದೆ. ಯಾವ ಪುಟದ ಯಾವ ವಾಕ್ಯ ಗಟ್ಟಿ, ಯಾವುದು ಸಡಿಲ ಎಂಬುದನ್ನು ತಿಳಿಸುವುದಿಲ್ಲ. ಎಲ್ಲವೂ ತಪ್ಪಾಗಿರಬಹುದು ಎಂಬ ಮಾತು ಓದುಗರಿಗೆ ಏನನ್ನೂ ತಿಳಿಸಿದಂತಾಗುವುದಿಲ್ಲ. ಅರಿಕೆಯ ಪುಟ ಮುಗಿದ ಮೇಲೆ ‘ನಿಸ್ಸಂದೇಹವಾಗಿ’, ‘ನಿರ್ವಿವಾದವಾಗಿ’ ಎಂಬ ಕ್ರಿಯಾವಿಶೇಷಣಗಳು ಯಾವ ಅಡ್ಡಿಯೂ ಇಲ್ಲದೆ ಬರಬಲ್ಲವು.

ಇದಕ್ಕಿಂತ ಬೇರೆಯಾದ ಇನ್ನೊಂದು ವಿನಯವಿದೆ. ಅದು ವ್ಯಕ್ತಿಯ ಗುಣವಲ್ಲ, ವಾಕ್ಯದ ಗುಣ. ಒಂದು ಹೇಳಿಕೆಯನ್ನು ಯಾವ ಆಧಾರದ ಮೇಲೆ, ಎಷ್ಟು ಭರವಸೆಯಿಂದ, ಎಲ್ಲಿಯವರೆಗೆ ಹೇಳಲಾಗುತ್ತಿದೆ ಎಂಬುದನ್ನು ಆ ಹೇಳಿಕೆಯೊಳಗೇ ಗುರುತಿಸುವುದು ಅದರ ಲಕ್ಷಣ. ಮೊದಲನೆಯದನ್ನು ಶಿಷ್ಟಾಚಾರವೆಂದೂ ಎರಡನೆಯದನ್ನು ಪ್ರಾಮಾಣಿಕತೆಯೆಂದೂ ಕರೆಯಬಹುದು. ಅರಿವಿನ ಎಲ್ಲೆಯನ್ನು ಕುರಿತ ಪ್ರಾಮಾಣಿಕತೆ ಸ್ವಭಾವದ ಪ್ರಶ್ನೆಯಾಗಿರುವುದಕ್ಕಿಂತ ಹೆಚ್ಚಾಗಿ ಬರವಣಿಗೆಯ ರೂಪದ ಪ್ರಶ್ನೆ; ಆ ರೂಪ ಕೈತಪ್ಪಿದರೆ ಎಷ್ಟೇ ವಿನಯವಂತರ ಬರೆಹವೂ ಓದುಗರನ್ನು ದಾರಿ ತಪ್ಪಿಸಬಲ್ಲುದು ಎಂಬುದು ಈ ಲೇಖನದ ವಾದ. ಕನ್ನಡದ ಪ್ರಾಚೀನತೆಯನ್ನು ಕುರಿತ ಚರ್ಚೆಯಿಂದಲೂ ದ್ರಾವಿಡ ತೌಲನಿಕ ಅಧ್ಯಯನದಿಂದಲೂ ಕೆಲವು ನಿದರ್ಶನಗಳನ್ನು ಆಯ್ದು ಇದನ್ನು ಪರಿಶೀಲಿಸುತ್ತೇವೆ.

2. ಆಡುಗನ್ನಡದ ನಿಷ್ಕೃಷ್ಟತೆ, ಶಾಸ್ತ್ರಗನ್ನಡದ ಮಸುಕು

ಊರಿನ ನಿಲ್ದಾಣದಲ್ಲಿ ‘ಬಸ್ಸು ಹೋಯಿತೇ?’ ಎಂಬ ಪ್ರಶ್ನೆಗೆ ಕನ್ನಡ ಮಾತುಗಾರರು ಕೊಡಬಹುದಾದ ಉತ್ತರಗಳನ್ನು ನೋಡೋಣ: ‘ಹೋಯಿತು’, ‘ಹೋಯಿತಂತೆ’, ‘ಹೋಗಿರಬೇಕು’, ‘ಹೋಗಿರಬಹುದು’, ‘ಹೋಯಿತೋ ಏನೋ’. ಮೊದಲನೆಯದರಲ್ಲಿ ಹೇಳುವವರು ಹೊಣೆಯನ್ನು ಪೂರ್ತಿಯಾಗಿ ಹೊತ್ತಿದ್ದಾರೆ. ಸಾಮಾನ್ಯವಾಗಿ ಅವರು ಕಂಡಿದ್ದಾರೆ. ಎರಡನೆಯದರಲ್ಲಿ ಬೇರೆಯವರಿಂದ ಕೇಳಿದ್ದಾರೆ. ಮೂರನೆಯದರಲ್ಲಿ ಖಾಲಿಯಾದ ನಿಲ್ದಾಣ, ಗಡಿಯಾರ ಮುಂತಾದ ಕುರುಹುಗಳಿಂದ ಊಹಿಸಿದ್ದಾರೆ. ನಾಲ್ಕನೆಯದು ಸಾಧ್ಯತೆಯನ್ನಷ್ಟೇ ತೆರೆದಿಡುತ್ತದೆ. ಐದನೆಯದು ಅರಿಯದಿರುವಿಕೆಯ ನೇರ ನಿವೇದನೆ. ಇದಕ್ಕೆ ‘ಬಂದೀತು’, ‘ಇದ್ದೀತು’, ‘ಹೋದಾನು’ ಎಂಬ ಸಂಭಾವನಾರ್ಥಕ ರೂಪಗಳನ್ನೂ ಸೇರಿಸಬೇಕು. ಶಾಲೆಯ ವ್ಯಾಕರಣದಲ್ಲಿಯೇ ನಾವು ಇವನ್ನು ಕಲಿಯುತ್ತೇವೆ. ಪ್ರಶ್ನೆ ಕೇಳಿದವರು ಉತ್ತರದ ರೂಪವನ್ನು ನೋಡಿಯೇ ನಿರ್ಧಾರ ಕೈಗೊಳ್ಳುತ್ತಾರೆ. ‘ಹೋಯಿತು’ ಎಂದರೆ ಆಟೋ ಹುಡುಕುತ್ತಾರೆ. ‘ಹೋಯಿತೋ ಏನೋ’ ಎಂದರೆ ಇನ್ನೊಬ್ಬರನ್ನು ಕೇಳುತ್ತಾರೆ.

ಭಾರತೀಯ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ‘ಹೋಯಿತು’, ‘ಹೋಗಿರಬೇಕು’, ‘ಹೋಯಿತಂತೆ’ ಎಂಬ ಮೂರು ರೂಪಗಳು ಸ್ಥೂಲವಾಗಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಪ್ರಮಾಣಗಳಿಗೆ ಸಂವಾದಿಯಾಗಿವೆ. ಇಲ್ಲಿ ಒಂದು ಅರ್ಥಪಲ್ಲಟವನ್ನೂ ನೆನೆಯಬೇಕು. ಸಂಸ್ಕೃತದಲ್ಲಿ ‘ಅನುಮಾನ’ ಎಂದರೆ ಹೇತುವಿನಿಂದ ಸಾಧ್ಯವನ್ನು ಅರಿಯುವ ಕ್ರಮ, ಅರಿವಿನ ಒಂದು ಸಾಧನ. ಕನ್ನಡದ ಬಳಕೆಯಲ್ಲಿ ‘ನನಗೆ ಅನುಮಾನ’ ಎಂದರೆ ಸಂದೇಹ. ಊಹಿಸಿ ಅರಿತದ್ದು ಕಂಡು ಅರಿತದ್ದಕ್ಕಿಂತ ಸಡಿಲ ಎಂಬ ಎಚ್ಚರ ಈ ಪದದ ಇಂದಿನ ಅರ್ಥದಲ್ಲಿ ಕಾಣುತ್ತದೆ ಎಂದು ಓದಲು ಅವಕಾಶವಿದೆ.

ನಮ್ಮ ಶಾಸ್ತ್ರಗದ್ಯದಲ್ಲಿ ಈ ರೂಪವೈವಿಧ್ಯ ಬಹುಮಟ್ಟಿಗೆ ಕಾಣೆಯಾಗುತ್ತದೆ. ಅದರ ಜಾಗದಲ್ಲಿ ‘ಎನ್ನಲಾಗಿದೆ’, ‘ಎಂದು ತಿಳಿದುಬರುತ್ತದೆ’, ‘ಎಂಬುದು ವಿದ್ವಾಂಸರ ಅಭಿಪ್ರಾಯ’ ಎಂಬ ಸಿದ್ಧ ಪದಪುಂಜಗಳು ಕುಳಿತಿವೆ. ‘ಎನ್ನಲಾಗಿದೆ’ ಎಂಬುದನ್ನು ಬಿಡಿಸಿ ನೋಡಿದರೆ ಮೂರು ಸಂಗತಿಗಳು ಮರೆಯಾಗಿರುವುದು ಕಾಣುತ್ತದೆ: ಹಾಗೆಂದವರು ಯಾರು, ಯಾವ ಆಧಾರದಿಂದ ಅಂದರು, ಬರೆಯುತ್ತಿರುವವರು ಅದನ್ನು ಒಪ್ಪುತ್ತಾರೆಯೇ. ಆಡುಮಾತಿನ ‘ಅಂತೆ’ ಈ ಮೂರನೆಯ ಪ್ರಶ್ನೆಗಾದರೂ ಉತ್ತರ ಕೊಡುತ್ತದೆ, ಏಕೆಂದರೆ ‘ಅಂತೆ’ ಎಂದವರು ಮಾತಿನ ಸತ್ಯಕ್ಕೆ ತಾವು ಹೊಣೆಯಲ್ಲ ಎಂದು ಸೂಚಿಸಿದ್ದಾರೆ. ‘ಎನ್ನಲಾಗಿದೆ’ ಎಂದವರು ಹೊಣೆ ಹೊತ್ತೂ ಇಲ್ಲ, ಇಳಿಸಿಯೂ ಇಲ್ಲ. ಮುಂದಿನ ಲೇಖಕರು ಇದೇ ವಾಕ್ಯವನ್ನು ಉಲ್ಲೇಖಿಸುವಾಗ ‘ಎನ್ನಲಾಗಿದೆ’ ಉದುರಿ ‘ಆಗಿದೆ’ ಮಾತ್ರ ಉಳಿಯುವುದು ಸುಲಭ. ಹೀಗೆ ಉದುರಿದರೆ ಏನಾಗುತ್ತದೆ ಎಂಬುದನ್ನು ಒಂದು ಪ್ರಸಿದ್ಧ ಪ್ರಕರಣದಲ್ಲಿ ನೋಡಬಹುದು.

3. ಆಕ್ಸಿರಿಂಕಸ್ ಪ್ರಹಸನ: ಐದು ಮೆಟ್ಟಿಲುಗಳ ಏಣಿ

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್‌ಗಳಲ್ಲಿ 413ನೆಯ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ. ಗ್ರೆನ್‌ಫೆಲ್ ಮತ್ತು ಹಂಟ್ ಇದನ್ನು 1903ರಲ್ಲಿ ಪ್ರಕಟಿಸಿದರು. ಹಸ್ತಪ್ರತಿಯನ್ನು ಕ್ರಿ.ಶ. ಎರಡನೆಯ ಶತಮಾನಕ್ಕೆ ಸೇರಿಸುತ್ತಾರೆ. ದೂರದ ಕಡಲತೀರದಲ್ಲಿ ಸೆರೆಯಾದ ಗ್ರೀಕ್ ತರುಣಿಯೊಬ್ಬಳನ್ನು ಅವಳ ಕಡೆಯವರು ಅಲ್ಲಿನ ಅರಸನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದು ಇದರ ಕಥೆ. ಸ್ಥಳೀಯ ಪಾತ್ರಗಳ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳು ಬರುತ್ತವೆ. ಅವನ್ನು ಗ್ರೀಕ್ ಲಿಪಿಯಲ್ಲಿಯೇ ಬರೆಯಲಾಗಿದೆ. 1904ರಲ್ಲಿ ಶಾಸನತಜ್ಞ ಇ. ಹುಲ್ಟ್ಷ್ ಈ ಮಾತುಗಳಲ್ಲಿ ಕೆಲವು ಕನ್ನಡವಾಗಿರಬಹುದೆಂದು ಸೂಚಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ದಿಕ್ಕಿನಲ್ಲಿ ಮುಂದುವರಿದು ವಿಸ್ತಾರವಾದ ವಾಚನವನ್ನು ಕೊಟ್ಟರು. 1926ರಲ್ಲಿ ಎಲ್. ಡಿ. ಬಾರ್ನೆಟ್ ಇದನ್ನು ಒಪ್ಪದೆ ಬರೆದರು. ಮುಂದೆ ಈ ಮಾತುಗಳು ತುಳು ಎಂಬ ವಾದವೂ ಬಂದಿತು.

ನಮ್ಮ ಆಸಕ್ತಿ ಇರುವುದು ಯಾರು ಗೆದ್ದರು ಎಂಬುದರಲ್ಲಿ ಅಲ್ಲ. ಪ್ರತಿಯೊಂದು ಹೇಳಿಕೆ ಎಷ್ಟು ಭಾರವನ್ನು ಹೊರಬಲ್ಲುದು ಎಂಬುದರಲ್ಲಿ. ಪ್ರಚಾರದಲ್ಲಿರುವ ವಾಚನದಲ್ಲಿ ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರಕ್ಕೆ’, ‘ಹಾಕಿ’ ಎಂಬ ಪದಗಳನ್ನು ಗುರುತಿಸಲಾಗಿದೆ. ಒಂದೊಂದನ್ನೂ ಪ್ರತ್ಯೇಕವಾಗಿ ತೂಗೋಣ.

‘ಮಧು’, ‘ಪಾತ್ರ’ ಸಂಸ್ಕೃತ ಪದಗಳು. ಭಾರತದ ಯಾವ ಭಾಷೆಯಲ್ಲಿಯೂ ಬರಬಹುದಾದ ಇವು ಕನ್ನಡವನ್ನು ಆಯ್ದುಕೊಡಲಾರವು. ‘ಕೊಂಚ’ಕ್ಕೆ ತಮಿಳಿನಲ್ಲಿ ‘ಕೊಂಜಂ’, ತೆಲುಗಿನಲ್ಲಿ ‘ಕೊಂಚೆಮು’ ಎಂಬ ಸಮಾನ ರೂಪಗಳಿವೆ. ಹೆಚ್ಚೆಂದರೆ ಇದು ದ್ರಾವಿಡದ ಕಡೆ ಬೆರಳು ತೋರಿಸುತ್ತದೆ. ‘ಬೇರೆ’ಯ ಮೊದಲ ವ್ಯಂಜನ ಮೇಲ್ನೋಟಕ್ಕೆ ನಿರ್ಣಾಯಕವಾಗಿ ಕಾಣುತ್ತದೆ, ಏಕೆಂದರೆ ತಮಿಳು ತೆಲುಗುಗಳಲ್ಲಿ ‘ವ’ ಇರುವೆಡೆ ಕನ್ನಡದಲ್ಲಿ ‘ಬ’ ಇದೆ. ಆದರೆ ಇಲ್ಲಿ ಎರಡು ತೊಡಕುಗಳಿವೆ. ತುಳುವಿನಲ್ಲಿಯೂ ‘ವ’ಕ್ಕೆ ‘ಬ’ ಬರುತ್ತದೆಯಾದ್ದರಿಂದ ಈ ಧ್ವನಿ ಕನ್ನಡವನ್ನು ತುಳುವಿನಿಂದ ಬೇರ್ಪಡಿಸದು. ಜೊತೆಗೆ ಗ್ರೀಕಿನ ಬೀಟಾ ಅಕ್ಷರದ ಉಚ್ಚಾರಣೆ ರೋಮನ್ ಕಾಲದಲ್ಲಿ ಸ್ಪರ್ಶದಿಂದ ಘರ್ಷದ ಕಡೆಗೆ ಸರಿಯುತ್ತಿತ್ತು. ಹಾಗಾಗಿ ಆ ಅಕ್ಷರ ‘ಬ’ವನ್ನು ಸೂಚಿಸುತ್ತದೆಯೋ ‘ವ’ವನ್ನು ಸೂಚಿಸುತ್ತದೆಯೋ ಎಂಬುದೇ ಪ್ರಶ್ನೆ.

‘ಹಾಕಿ’ ಎಂಬುದು ಇನ್ನೂ ತೊಡಕಿನದು. ಕನ್ನಡದಲ್ಲಿ ಪದಾದಿಯ ‘ಪ’ ‘ಹ’ ಆಗತೊಡಗಿದ್ದು ಸುಮಾರು ಹತ್ತನೆಯ ಶತಮಾನದಿಂದ. ಶಾಸನಗಳಲ್ಲಿ ಈ ಬದಲಾವಣೆಯನ್ನು ಹೆಜ್ಜೆಹೆಜ್ಜೆಯಾಗಿ ಕಾಣಬಹುದು. ಇಂದಿನ ‘ಹಾಕು’ವಿನ ಹಿಂದೆ ನಡುಗನ್ನಡದ ‘ಹಾಯ್ಕು’, ಅದರ ಹಿಂದೆ ಪಕಾರಾದಿ ರೂಪ ಇವೆ. ಎರಡನೆಯ ಶತಮಾನದ ಬರೆಹದಲ್ಲಿ ‘ಹಾಕಿ’ಯನ್ನು ಓದುವವರು ಎಂಟು ಶತಮಾನಗಳ ಅನಂತರದ ಧ್ವನಿಪರಿವರ್ತನೆಯನ್ನು ಹಿಂದಕ್ಕೆ ಒಯ್ಯುತ್ತಿದ್ದಾರೆ. ಮೇಲಾಗಿ, ಮೂರ್ಧನ್ಯಗಳನ್ನು ತೋರಿಸಲಾಗದ, ಪದಮಧ್ಯದ ಹಕಾರಕ್ಕೆ ಅಕ್ಷರವೇ ಇಲ್ಲದ, ಪದಗಳ ನಡುವೆ ತೆರಪು ಬಿಡದ ಲಿಪಿಯಲ್ಲಿ ಪದವಿಭಾಗವನ್ನು ಮಾಡಬೇಕಾದವರು ಓದುಗರೇ. ತಮಗೆ ಗೊತ್ತಿರುವ ಭಾಷೆಯ ಪದಗಳನ್ನು ಅಲ್ಲಿ ಕಾಣುವುದು ಸಹಜ.

ಇಷ್ಟರಿಂದ ‘ಇದು ಕನ್ನಡವಲ್ಲ’ ಎಂದು ಸಿದ್ಧವಾಯಿತೇ? ಇಲ್ಲ. ಒಂದು ವಾಚನ ಬಿದ್ದರೆ ಆ ವಾಚನ ಬಿದ್ದಿತು, ಅಷ್ಟೆ. ಆ ಮಾತುಗಳು ಕನ್ನಡವೇ ಆಗಿದ್ದು ನಾವು ಓದಲಾರದವರಾಗಿರಲೂಬಹುದು. ನಗಿಸುವುದಕ್ಕೆಂದು ಹೆಣೆದ ಅರ್ಥಹೀನ ಸದ್ದುಗಳೂ ಆಗಿರಬಹುದು. ನಿಷೇಧಕ್ಕೂ ಸಾಕ್ಷ್ಯ ಬೇಕು. ಆದ್ದರಿಂದ ಇಲ್ಲಿ ಹೇಳಬಹುದಾದುದನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಬೇಕು: ಮಾತುಗಳು ಗ್ರೀಕ್ ಅಲ್ಲ, ಕಥೆ ನಡೆಯುವುದು ಭಾರತದಲ್ಲಿ, ಇದನ್ನು ಪ್ರಹಸನದ ಗ್ರೀಕ್ ಭಾಗವೇ ಹೇಳುತ್ತದೆ, ಆ ಮಾತುಗಳು ನಿಜವಾದ ಒಂದು ಭಾರತೀಯ ಭಾಷೆಯವು, ಆ ಭಾಷೆ ದ್ರಾವಿಡ, ಅದು ಕನ್ನಡ. ಮೊದಲ ಎರಡು ಮೆಟ್ಟಿಲು ಗಟ್ಟಿ. ಮೂರನೆಯದರಿಂದ ಮುಂದಕ್ಕೆ ಪ್ರತಿಯೊಂದೂ ಹಿಂದಿನದನ್ನು ಆಧರಿಸಿದೆ. ಹಾಗಾಗಿ ಪ್ರತಿಯೊಂದೂ ಹಿಂದಿನದಕ್ಕಿಂತ ದುರ್ಬಲವಾಗಿರಲೇಬೇಕು. ಐದನೆಯ ಮೆಟ್ಟಿಲಿನ ಮೇಲೆ ನಿಂತು ‘ಎರಡನೆಯ ಶತಮಾನದಲ್ಲಿ ಕನ್ನಡ ಕಡಲಾಚೆಯ ರಂಗಭೂಮಿಯಲ್ಲಿ ಕೇಳಿಸುತ್ತಿತ್ತು’ ಎನ್ನುವವರು ಆರನೆಯ ಮೆಟ್ಟಿಲನ್ನೂ ಕಟ್ಟಿದ್ದಾರೆ.

ಹುಲ್ಟ್ಷ್ ಅವರ ಸೂಚನೆ ತಪ್ಪು ಕೆಲಸವಲ್ಲ. ಅದು ಪರೀಕ್ಷಿಸಬಹುದಾದ ಊಹೆಯಾಗಿತ್ತು, ಪರೀಕ್ಷೆಗೆ ಒಳಗಾಯಿತು. ತೊಂದರೆ ಇರುವುದು ಪ್ರಸರಣದಲ್ಲಿ. ಜನಪ್ರಿಯ ಬರೆಹಗಳಲ್ಲಿಯೂ ಒಮ್ಮೊಮ್ಮೆ ಶಾಸ್ತ್ರೀಯ ಬರೆಹಗಳಲ್ಲಿಯೂ ಊಹೆ ಉಳಿಯುತ್ತದೆ, ಆಕ್ಷೇಪ ಉಳಿಯುವುದಿಲ್ಲ. ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಬರುವ ‘ಇಸಿಲ’ ಎಂಬ ಊರ ಹೆಸರು ಕನ್ನಡ ಪದವೆಂಬ ಹೇಳಿಕೆಯೂ ಇದೇ ಬಗೆಯದು. ಸ್ಥಳನಾಮಕ್ಕೆ ಶಾಸನ ಅರ್ಥ ಹೇಳುವುದಿಲ್ಲ. ರೂಪಸಾಮ್ಯವೊಂದೇ ಕೈಯಲ್ಲಿರುವಾಗ ಒಂದು ಹೆಸರಿನ ಮೂಲವನ್ನು ‘ಇದ್ದೀತು’ ಎಂದಲ್ಲದೆ ‘ಇದೆ’ ಎಂದು ಹೇಳುವಂತಿಲ್ಲ.

4. ಉದುರುವ ‘ಸುಮಾರು’

ಮೇಲಿನದು ಭಾಷೆಯ ಗುರುತಿನ ಪ್ರಶ್ನೆ. ಕಾಲನಿರ್ಣಯದಲ್ಲಿಯೂ ಇದೇ ನಡೆಯುತ್ತದೆ, ಇನ್ನೂ ಸದ್ದಿಲ್ಲದೆ. ಹಲ್ಮಿಡಿ ಶಾಸನ 1936ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದಿತು. ಆ ಶಾಸನದಲ್ಲಿ ವರ್ಷದ ಉಲ್ಲೇಖವಿಲ್ಲ. ಲಿಪಿಯ ಸ್ವರೂಪ, ಅದರಲ್ಲಿ ಬರುವ ಹೆಸರುಗಳು ಮುಂತಾದವುಗಳಿಂದ ಅದನ್ನು ಸುಮಾರು ಕ್ರಿ.ಶ. 450ರದೆಂದು ನಿರ್ಧರಿಸಿದರು, ಇನ್ನೂ ಈಚೆಗೆ ತರುವ ವಿದ್ವಾಂಸರೂ ಇದ್ದಾರೆ. ಪಠ್ಯಪುಸ್ತಕಗಳಿಗೆ ಬರುವ ಹೊತ್ತಿಗೆ ಅದು ‘ಕ್ರಿ.ಶ. 450ರ ಹಲ್ಮಿಡಿ ಶಾಸನ’ ಆಗುತ್ತದೆ.

ಒಂದು ಪದ ಉದುರಿದ್ದರಿಂದ ಆದ ನಷ್ಟವೇನು? ಶಾಲೆಯ ಮಗುವಿಗೆ ಬಹುಶಃ ಏನೂ ಇಲ್ಲ. ಆದರೆ ಭಾಷೆಯ ಚರಿತ್ರೆಯನ್ನು ಬರೆಯುವವರು ಆ ಅಂಕಿಯನ್ನು ಲೆಕ್ಕದಲ್ಲಿ ಬಳಸುತ್ತಾರೆ. ಹಲ್ಮಿಡಿಯಿಂದ ಕವಿರಾಜಮಾರ್ಗದವರೆಗೆ ನಾಲ್ಕು ನೂರು ವರ್ಷ, ಈ ಅವಧಿಯಲ್ಲಿ ಇಂತಿಂಥ ಬದಲಾವಣೆಗಳಾದವು ಎಂಬಂಥ ವಾಕ್ಯದಲ್ಲಿ ಎರಡು ತುದಿಗಳೂ ಒಂದೇ ಬಗೆಯವೆಂಬ ಭಾವನೆ ಬರುತ್ತದೆ. ಅವು ಒಂದೇ ಬಗೆಯವಲ್ಲ. ಕವಿರಾಜಮಾರ್ಗಕ್ಕೂ ರಚನೆಯ ವರ್ಷ ತಿಳಿಯದು. ಆದರೆ ಅದನ್ನು ಅಮೋಘವರ್ಷ ನೃಪತುಂಗನ ಆಳ್ವಿಕೆಗೆ, ಎಂದರೆ 814ರಿಂದ 878ರ ನಡುವಿಗೆ, ಸೇರಿಸಲು ಗ್ರಂಥದಲ್ಲಿಯೇ ಆಧಾರವಿದೆ. ಹಲ್ಮಿಡಿಯ ಅಂದಾಜಿಗೆ ಇಂಥ ಬೇಲಿಯಿಲ್ಲ. ಒಂದನ್ನು ‘ಇಂತಿಷ್ಟರ ನಡುವೆ’ ಎಂದೂ ಇನ್ನೊಂದನ್ನು ‘ಸುಮಾರು’ ಎಂದೂ ಬರೆದರೆ ಈ ವ್ಯತ್ಯಾಸ ಓದುಗರಿಗೆ ದಾಟುತ್ತದೆ. ಎರಡನ್ನೂ ಬರಿಯ ಅಂಕಿಯಾಗಿ ಬರೆದರೆ ದಾಟುವುದಿಲ್ಲ.

ಅಂಕಿಗಳ ವಿಷಯದಲ್ಲಿ ಇತ್ತೀಚಿನ ಒಂದು ಅಧ್ಯಯನ ಗಮನಾರ್ಹ. ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಹಲೇಖಕರು 2018ರಲ್ಲಿ 20 ದ್ರಾವಿಡ ಭಾಷೆಗಳ ಪದಸಾಮಗ್ರಿಗೆ ಬೇಸಿಯನ್ ಸಂಖ್ಯಾಶಾಸ್ತ್ರೀಯ ವಿಧಾನವನ್ನು ಅನ್ವಯಿಸಿ, ಈ ಭಾಷಾಕುಟುಂಬದ ವಯಸ್ಸು ಸುಮಾರು 4,500 ವರ್ಷಗಳೆಂದು ಅಂದಾಜು ಮಾಡಿದರು. ಆ ಪ್ರಬಂಧದ ಸಾರಾಂಶದಲ್ಲಿಯೇ ಇನ್ನೊಂದು ಮಾತಿದೆ: ಕುಟುಂಬದ ಮುಖ್ಯ ಕವಲುಗಳ ಪರಸ್ಪರ ಸಂಬಂಧದ ಬಗ್ಗೆ ಗಣನೀಯ ಅನಿಶ್ಚಿತತೆ ಉಳಿದಿದೆ. ಅಂದಾಜನ್ನೂ ಒಂದೇ ಬಿಂದುವಾಗಿ ಕೊಡದೆ ಸಾವಿರಾರು ವರ್ಷಗಳಷ್ಟು ಅಗಲವಾದ ವ್ಯಾಪ್ತಿಯಾಗಿ ಕೊಟ್ಟಿದ್ದರು. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಉಳಿದದ್ದು 4,500 ಎಂಬ ಅಂಕಿ. ಪತ್ರಿಕೆಗಳನ್ನು ದೂರಿ ಪ್ರಯೋಜನವಿಲ್ಲ. ಆದರೆ ಈ ಅಧ್ಯಯನವನ್ನು ಉಲ್ಲೇಖಿಸುವ ಸಂಶೋಧಕರು ಯಾವುದನ್ನು ಎತ್ತಿಕೊಳ್ಳಬೇಕು? ಮೂಲಲೇಖಕರು ಜೋಡಿಸಿದ ಅನಿಶ್ಚಿತತೆಯನ್ನು ಕಳಚಿ ಉಲ್ಲೇಖಿಸುವುದು ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟಂತೆ.

5. ಎಲ್ಲೆಯನ್ನು ಗುರುತಿಸಿದವರು

ಅರಿವಿನ ಮಿತಿಯನ್ನು ಬರವಣಿಗೆಯ ರೂಪದಲ್ಲಿಯೇ ಗುರುತಿಸುವ ಪದ್ಧತಿ ನಮಗೆ ಹೊರಗಿನಿಂದ ಬರಬೇಕಾದುದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡುತ್ತಾನೆ. ಅವನ ಕಾಲಕ್ಕೆ ಈ ಧ್ವನಿ ಕನ್ನಡದಲ್ಲಿ ಅಳಿಯುತ್ತಿತ್ತು. ಅದು ಕೆಲವೆಡೆ ಳಕಾರದೊಡನೆ, ವ್ಯಂಜನದ ಹಿಂದೆ ರೇಫದೊಡನೆ ಬೆರೆತುಹೋಗುತ್ತಿತ್ತು. ಕಿವಿ ಹೇಳಲಾರದುದನ್ನು ಸೂತ್ರದಿಂದಲೂ ಊಹಿಸಲಾಗದಾಗ ಉಳಿಯುವುದು ಪೂರ್ವಕವಿಪ್ರಯೋಗ. ಆದ್ದರಿಂದ ಪಟ್ಟಿ. ನಿಯಮಕ್ಕೆ ಒಗ್ಗದುದನ್ನು ನಿಯಮವೆಂದು ತೋರಿಸದೆ, ಆಧಾರ ಎಲ್ಲಿದೆಯೆಂದು ತಿಳಿಸಿ ಪಟ್ಟಿಯಾಗಿ ಬಿಡುವುದೂ ಒಂದು ಶಾಸ್ತ್ರೀಯ ಸಂಯಮವೇ. 1894ರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕಿಟ್ಟೆಲ್ ಪದಗಳ ಬಳಿ ಸಂಕ್ಷೇಪಾಕ್ಷರಗಳನ್ನು ಇಟ್ಟು ಇದು ಶಬ್ದಮಣಿದರ್ಪಣದ್ದು, ಇದು ಹಿಂದಿನ ನಿಘಂಟಿನದು, ಇದು ಇಂಥ ಪ್ರದೇಶದ ಬಳಕೆ ಎಂದು ಸೂಚಿಸಿದರು. ಆ ಅಕ್ಷರಗಳನ್ನು ಕೈಬಿಟ್ಟು ‘ಕಿಟ್ಟೆಲ್ ಪ್ರಕಾರ’ ಎಂದು ಬರೆಯುವವರು ನಿಘಂಟಿನ ಅರ್ಧ ಮಾಹಿತಿಯನ್ನು ಚೆಲ್ಲುತ್ತಾರೆ.

ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ (1961, ಪರಿಷ್ಕೃತ ಆವೃತ್ತಿ 1984) ಇನ್ನೂ ದೊಡ್ಡ ನಿದರ್ಶನ. ಅದರ ಐದೂವರೆ ಸಾವಿರದಷ್ಟು ನಮೂದುಗಳಲ್ಲಿ ಜ್ಞಾತಿಪದಗಳ ಗುಂಪುಗಳಿವೆ, ಮೂಲದ್ರಾವಿಡದ ಪುನಾರಚಿತ ರೂಪಗಳಿಲ್ಲ. ನಮೂದುಗಳ ತಲೆಯಲ್ಲಿ ತಾರಾಚಿಹ್ನೆಯ ರೂಪ ಇರಬೇಕೆಂದು ಹಂಬಲಿಸುವ ವಿದ್ಯಾರ್ಥಿಗಳಿಗೆ ಇದು ಕೊರತೆಯಾಗಿ ಕಾಣುತ್ತದೆ. ಆದರೆ ಇದರಿಂದ ಒಂದು ಲಾಭವಾಗಿದೆ: ಪುನಾರಚನೆಯ ಸಿದ್ಧಾಂತಗಳು ಬದಲಾದರೂ ಕೋಶ ಹಳತಾಗುವುದಿಲ್ಲ. ಸಂಬಂಧ ಸಂದಿಗ್ಧವಾದೆಡೆ ಪ್ರಶ್ನಾರ್ಥಕ ಚಿಹ್ನೆ ಇದೆ, ಬೇರೆ ನಮೂದಿನೊಡನೆ ಹೋಲಿಸಿ ನೋಡಿ ಎಂಬ ಸೂಚನೆಯಿದೆ. ಅದೇ 1961ರಲ್ಲಿ ಭದ್ರಿರಾಜು ಕೃಷ್ಣಮೂರ್ತಿ ತೆಲುಗಿನ ಕ್ರಿಯಾಧಾತುಗಳನ್ನು ಕುರಿತ ಗ್ರಂಥದಲ್ಲಿ ಪುನಾರಚನೆಯನ್ನು ಕೈಗೊಂಡರು, ಒಂದು ಗೊತ್ತಾದ ವಲಯದೊಳಗೆ, ಧ್ವನಿನಿಯಮಗಳನ್ನು ಮುಂದಿಟ್ಟು. ಸಂಯಮವೂ ಸಾಹಸವೂ ಒಂದೇ ಶಾಸ್ತ್ರದ ಎರಡು ಕೆಲಸಗಳು. ಎರಡರಲ್ಲಿಯೂ ಎಲ್ಲೆ ಗುರುತಾಗಿತ್ತು.

ತಾರಾಚಿಹ್ನೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ‘ಈ ರೂಪ ದಾಖಲೆಯಲ್ಲಿಲ್ಲ, ನಾವು ಊಹಿಸಿದ್ದು’ ಎಂದು ಸಾರುವ ಆ ಚಿಹ್ನೆಯನ್ನು ಕ್ರಮಬದ್ಧವಾಗಿ ಬಳಕೆಗೆ ತಂದ ಕೀರ್ತಿ ಔಗುಸ್ಟ್ ಶ್ಲೈಶರ್ ಅವರಿಗೆ ಸಲ್ಲುತ್ತದೆ. ಅದೇ ಶ್ಲೈಶರ್ 1868ರಲ್ಲಿ ಮೂಲ ಇಂಡೋ–ಯುರೋಪಿಯನ್‌ನಲ್ಲಿ ಕುರಿ ಮತ್ತು ಕುದುರೆಗಳ ಒಂದು ನೀತಿಕಥೆಯನ್ನೂ ರಚಿಸಿದರು. 1939ರಲ್ಲಿ ಹಿರ್ಟ್, 1979ರಲ್ಲಿ ಲೇಮನ್ ಮತ್ತು ಝ್ಗುಸ್ಟ ಅದನ್ನು ತಮ್ಮ ತಮ್ಮ ತಿಳಿವಳಿಕೆಯಂತೆ ತಿದ್ದಿ ಬರೆದರು. ಒಂದೇ ಕಥೆಯ ಈ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವು ಬೇರೆ ಬೇರೆ ಭಾಷೆಗಳಂತೆ ಕಾಣುತ್ತವೆ. ಒಂದೊಂದು ಪದದ ಪುನಾರಚನೆಯಲ್ಲಿ ಇರುವ ಅನಿಶ್ಚಿತತೆ ವಾಕ್ಯವಾಗಿ, ಕಥೆಯಾಗಿ ಕೂಡುತ್ತ ಹೋದಾಗ ಎಷ್ಟಾಗುತ್ತದೆ ಎಂಬುದಕ್ಕೆ ಇದು ಅಳತೆ.

ಇದರ ಎದುರಿಗೆ ಸಸ್ಯೂರ್ ಅವರ ಯೌವನದ ಕೃತಿಯನ್ನಿಡಬೇಕು. 1879ರ ಇಸವಿ ಹೊತ್ತು ಪ್ರಕಟವಾದ ಆ ಪ್ರಬಂಧದಲ್ಲಿ ಅವರು ಯಾವ ಜ್ಞಾತ ಭಾಷೆಯಲ್ಲಿಯೂ ಉಳಿದಿರದ ಘಟಕಗಳನ್ನು ವ್ಯವಸ್ಥೆಯ ತರ್ಕದಿಂದ ಪ್ರತಿಪಾದಿಸಿದರು. ಅವುಗಳ ಧ್ವನಿಸ್ವರೂಪ ಇಂಥದೇ ಎಂದು ಹಟ ಹಿಡಿಯಲಿಲ್ಲ. ವ್ಯವಸ್ಥೆಯಲ್ಲಿ ಅವುಗಳ ಸ್ಥಾನವನ್ನಷ್ಟೇ ನಿರ್ದೇಶಿಸಿದರು. 1927ರಲ್ಲಿ ಕುರಿಲೋವಿಚ್ ಹಿಟ್ಟೈಟ್ ಭಾಷೆಯ ಒಂದು ವ್ಯಂಜನ ಆ ಸ್ಥಾನಗಳಲ್ಲಿ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಅಪಾರ ಸಾಹಸದ ಆ ಊಹೆ ಐದು ದಶಕಗಳ ಕಾಲ ಬಾಳಿದ್ದಕ್ಕೆ ಕಾರಣ, ತನಗೆ ತಿಳಿದುದೆಷ್ಟು ತಿಳಿಯದುದೆಷ್ಟು ಎಂಬ ಗೆರೆಯನ್ನು ಅದು ಸ್ಪಷ್ಟವಾಗಿ ಎಳೆದಿತ್ತು. ಖಾಲಿ ಬಿಟ್ಟ ಜಾಗವನ್ನು ಮುಂದಿನವರು ತುಂಬಲು ಸಾಧ್ಯವಾಯಿತು.

6. ಎರಡು ಆಕ್ಷೇಪಗಳು, ಮೂರು ಸಲಹೆಗಳು

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಪ್ರತಿ ವಾಕ್ಯಕ್ಕೂ ‘ಇರಬಹುದು’ ಸೇರಿಸುತ್ತ ಹೋದರೆ ಏನನ್ನೂ ಹೇಳಿದಂತಾಗದು ಎಂಬುದು ಮೊದಲನೆಯದು. ಇದು ನ್ಯಾಯವಾದ ಆಕ್ಷೇಪ. ಎಲ್ಲ ವಾಕ್ಯಗಳಿಗೂ ಒಂದೇ ‘ಇರಬಹುದು’ ಹಚ್ಚುವುದು ಅರಿಕೆಯ ಪುಟದ ಶಿಷ್ಟಾಚಾರವನ್ನೇ ಒಳಪುಟಗಳಿಗೆ ಹರಡಿದಂತೆ. ನಾವು ಕೇಳುತ್ತಿರುವುದು ಸಂದೇಹವನ್ನಲ್ಲ, ತಾರತಮ್ಯವನ್ನು. ‘ಹೋಯಿತು’ ಎನ್ನಬೇಕಾದೆಡೆ ‘ಹೋಗಿರಬಹುದು’ ಎನ್ನುವುದೂ ಅಪ್ರಾಮಾಣಿಕವೇ. ಹತ್ತನೆಯ ಶತಮಾನದ ಸುಮಾರಿಗೆ ‘ಪ’ ‘ಹ’ ಆಗತೊಡಗಿತು ಎಂಬುದಕ್ಕೆ ನೂರಾರು ಶಾಸನಗಳ ಸಾಕ್ಷ್ಯವಿರುವಾಗ ಅದನ್ನು ಅಭಿಪ್ರಾಯವೆಂಬಂತೆ ಹೇಳುವುದು ಸುಳ್ಳು ವಿನಯ. ಗಟ್ಟಿಯಾದುದನ್ನು ಗಟ್ಟಿಯಾಗಿ ಹೇಳಿದಾಗ ಮಾತ್ರ ಸಡಿಲವಾದುದರ ಸಡಿಲತೆ ಓದುಗರಿಗೆ ಕೇಳಿಸುತ್ತದೆ.

ಎರಡನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಆದರೆ ಪ್ರಭಾವ ಅದರದೇ ಹೆಚ್ಚು. ಭಾಷೆಗಳ ಪ್ರಾಚೀನತೆ ಪ್ರತಿಷ್ಠೆಯ ವಿಷಯವಾಗಿರುವಾಗ, ನಾವು ಸಂದೇಹ ವ್ಯಕ್ತಪಡಿಸಿದರೆ ನಮ್ಮ ಭಾಷೆಗೆ ನಷ್ಟವಾಗುತ್ತದೆ ಎಂಬ ಅಂಜಿಕೆ ಅದು. ತಮಿಳಿಗೆ 2004ರಲ್ಲಿ, ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ದೊರೆಯಿತು. ಸರ್ಕಾರದ ಮಾನದಂಡಗಳಲ್ಲಿ ವರ್ಷಗಳ ಎಣಿಕೆಯೂ ಇತ್ತು. ಇಂಥ ವಾತಾವರಣದಲ್ಲಿ ಪಪೈರಸ್ಸಿನ ನಾಲ್ಕು ಸಾಲು ಆಯುಧವಾಗುವುದು ಆಶ್ಚರ್ಯವಲ್ಲ. ಆದರೆ ಕನ್ನಡದ ಹಿರಿಮೆ ಆ ನಾಲ್ಕು ಸಾಲಿನ ಮೇಲೆ ನಿಂತಿಲ್ಲ. ಹಲ್ಮಿಡಿಯಿದೆ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವಿದೆ, ಒಂಬತ್ತನೆಯ ಶತಮಾನದಲ್ಲಿಯೇ ತನಗಿಂತ ಹಿಂದಿನ ಕವಿಗಳನ್ನು ನೆನೆಯುವ ಕವಿರಾಜಮಾರ್ಗವಿದೆ, ಸಾವಿರಾರು ಶಾಸನಗಳಿವೆ. ಕುಸಿಯಬಹುದಾದ ಸಾಕ್ಷ್ಯವನ್ನು ಗಟ್ಟಿ ಸಾಕ್ಷ್ಯದ ಪಕ್ಕದಲ್ಲಿ ಒಂದೇ ಧ್ವನಿಯಲ್ಲಿ ಮಂಡಿಸಿದರೆ, ಮೊದಲನೆಯದು ಕುಸಿದಾಗ ಎರಡನೆಯದನ್ನೂ ಜನ ಸಂಶಯದಿಂದ ನೋಡುತ್ತಾರೆ. ಭಾಷೆಗೆ ನಷ್ಟವಾಗುವುದು ಹೀಗೆ.

ಕೊನೆಯದಾಗಿ, ಡಾಕ್ಟರೇಟ್ ಮಟ್ಟದ ಬರವಣಿಗೆಗೆ ಮೂರು ಸಲಹೆಗಳನ್ನು ಮುಂದಿಡುತ್ತೇವೆ. ಒಂದು, ಉಲ್ಲೇಖಿಸುವಾಗ ಮೂಲಲೇಖಕರ ಭರವಸೆಯ ಮಟ್ಟವನ್ನೂ ಸಾಗಿಸಬೇಕು. ಮೂಲದಲ್ಲಿ ‘ಸುಮಾರು’ ಇದ್ದರೆ ನಮ್ಮಲ್ಲಿಯೂ ಇರಬೇಕು. ‘ಎನ್ನಲಾಗಿದೆ’ ಎಂದು ಬರೆಯುವಾಗಲೆಲ್ಲ ಅಂದವರ ಹೆಸರು, ಅವರ ಆಧಾರ, ನಮ್ಮ ನಿಲುವು ಈ ಮೂರೂ ಬರಬೇಕು. ಎರಡು, ವಿವರಣೆಗೆ ಒಗ್ಗದ ಸಾಮಗ್ರಿಗೆ ಮಹಾಪ್ರಬಂಧದಲ್ಲಿ ಗೌರವದ ಜಾಗ ಸಿಗಬೇಕು. ಕ್ಷೇತ್ರಕಾರ್ಯದಲ್ಲಿ ಮಾತುಗಾರರು ‘ಹಾಗೂ ಅಂತಾರೆ, ನಾವು ಅನ್ನೋದಿಲ್ಲ’ ಎಂದ ರೂಪಗಳು ಅಂತಿಮ ಪ್ರತಿಯಲ್ಲಿ ಸರಿ–ತಪ್ಪುಗಳ ಎರಡು ಕಂಬಸಾಲುಗಳಿಗೆ ಹಂಚಿಹೋಗಬಾರದು. ಮುಂದಿನ ಪ್ರಬಂಧ ಹುಟ್ಟುವುದು ಸಾಮಾನ್ಯವಾಗಿ ಆ ಉಳಿಕೆಯಿಂದ. ಮೂರು, ಮೌಖಿಕ ಪರೀಕ್ಷೆಯಲ್ಲಿ ‘ಗೊತ್ತಿಲ್ಲ’ ಎಂಬ ಉತ್ತರವನ್ನು ಪರೀಕ್ಷಕರು ಎರಡಾಗಿ ಬಿಡಿಸಿ ಕೇಳಬೇಕು: ಅಭ್ಯರ್ಥಿ ಓದಿಲ್ಲವೋ, ಯಾರಿಗೂ ಗೊತ್ತಿಲ್ಲವೋ? ಮೊದಲನೆಯದು ಕೊರತೆ. ಎರಡನೆಯದನ್ನು ನಿಖರವಾಗಿ ಹೇಳಬಲ್ಲ ಅಭ್ಯರ್ಥಿ ತನ್ನ ಕ್ಷೇತ್ರದ ಗಡಿಯವರೆಗೆ ನಡೆದು ಹೋಗಿ ಬಂದಿದ್ದಾರೆ. ಈ ಎರಡನ್ನೂ ಒಂದೇ ಅಂಕದಲ್ಲಿ ಅಳೆಯುವ ಪದ್ಧತಿ ಇರುವವರೆಗೆ ವಿದ್ಯಾರ್ಥಿಗಳು ಖಾಲಿ ಜಾಗವನ್ನು ‘ನಿಸ್ಸಂದೇಹವಾಗಿ’ ಎಂಬ ಪದದಿಂದ ಮುಚ್ಚುವುದನ್ನೇ ಕಲಿಯುತ್ತಾರೆ.

ಇದಕ್ಕೆ ಬೇಕಾದ ವ್ಯಾಕರಣ ನಮ್ಮ ಭಾಷೆಯಲ್ಲಿ ಸಿದ್ಧವಾಗಿದೆ. ‘ಅಂತೆ’, ‘ಇರಬೇಕು’, ‘ಇರಬಹುದು’, ‘ಇದ್ದೀತು’ ಎಂಬ ರೂಪಗಳನ್ನು ವರ್ಣಿಸಿ ಲೇಖನ ಬರೆಯುವ ನಾವು ಆ ಲೇಖನಗಳೊಳಗೇ ಅವನ್ನು ಅವುಗಳ ಅರ್ಥಕ್ಕೆ ತಕ್ಕಂತೆ ಬಳಸತೊಡಗಿದರೆ, ಶಾಸ್ತ್ರಗನ್ನಡದ ನಿಷ್ಕೃಷ್ಟತೆ ಆಡುಗನ್ನಡದ ಮಟ್ಟವನ್ನು ಮುಟ್ಟೀತು.